ಚೌಕ ಬಿದಿರು

ದುರ್ಗಿಗುಡಿ, ಶಿವಮೊಗ್ಗ
21-6-1959

ಅಕ್ಕಾ,

ನಮಸ್ಕಾರ. ನಾನೂ ವೀರಮ್ಮನೂ ಚೆನ್ನಾಗಿದ್ದೇವೆ. ನಿಮ್ಮ ಕ್ಷೇಮವನ್ನು ಭಾವನವರ ಬಾಯಿಂದಲೇ ಕೇಳಿದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೊನ್ನೆ ಭಾವನವರು ತಂದ ಹಲಸಿನ ತೊಳೆಯ ಚೀಲದ ಬಾಯಿಗೆ ಎಲೆಗಳಿದ್ದ ಒಂದು ರೆಂಬೆಯನ್ನು ತುರುಕಿದ್ದರು. ಇದೇನು ಎಂದು ಕೇಳಿದರೆ, "ನಿನ್ನ ಅಕ್ಕನ ಜಪಾನಿ ಬಿದಿರು ಕಣಯ್ಯ" ಎಂದರು. ಭಾವನ ಕಾರ್ಖಾನೆಯಲ್ಲಿ ಯಂತ್ರ ಜೋಡಿಸಲು ಬಂದಿದ್ದ ಜಪಾನಿನ ಎಂಜಿನಿಯರರ ಹೆಂಡತಿ ಊರಿಗೆ ಹೋಗುವಾಗ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ನಿನಗೆ ಕೊಟ್ಟು ಹೋದರಂತೆ. ನೀನು ಅದನ್ನು ಬಚ್ಚಲ ಹಿಂದೆ ನೆಟ್ಟು ನಾಲ್ಕು ವರ್ಷವಾಯಿತಂತೆ, ಈಗ ಹೆಂಚಿನ ಅಂಚು ಮುಟ್ಟಿದೆಯಂತೆ. ನಿನ್ನ ತಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಾನೆ ಎಂಬುದು ಈ ನಾಲ್ಕು ವರ್ಷದಲ್ಲಿ ಒಂದು ದಿನವೂ ನಿನಗೆ ನೆನಪಾಗಲಿಲ್ಲವೇ?

ಎಲೆ ನೋಡಿದರೆ ಅದು ಜಪಾನಿನವರು ತೋಟದ ಅಂದಕ್ಕೂ ಮೀನಿನ ಗಾಳದ ಕೋಲಿಗೂ ಬೆಳೆಸುವ ಗಾಳದ ಬಿದಿರು ಎಂದು ನನಗೆ ಬಹುಮಟ್ಟಿಗೆ ಖಾತ್ರಿಯಾಗಿದೆ. ನಮ್ಮ ಸೀಮೆಯಲ್ಲಿ ಅದನ್ನು ಕಂಡವರಿಲ್ಲ. ಬೆಂಗಳೂರಿನ ನಮ್ಮ ಗುರುಗಳಿಗೆ ಆಗಲೇ ಒಂದು ಕಾಗದ ಬರೆದು ಹಾಕಿದ್ದೇನೆ. ನೀನು ಮಾಡಬೇಕಾದದ್ದು ಇಷ್ಟೆ. ಪ್ರತಿ ಗಿಣ್ಣಿನಲ್ಲಿ ಎಷ್ಟು ರೆಂಬೆ ಹೊರಡುತ್ತವೆ ಎಂದು ಎಣಿಸು. ಬುಡದ ಗಿಣ್ಣುಗಳು ಒತ್ತೊತ್ತಾಗಿ ಉಬ್ಬಿವೆಯೇ ನೋಡು. ಕಂಡದ್ದನ್ನು ಕಂಡಂತೆ ಬರೆ. ಊಹೆ ಬೇಡ.

ಕಾಲೇಜು ಶುರುವಾಗಿದೆ, ಹಾಸ್ಟೆಲಿನ ಜವಾಬ್ದಾರಿಯೂ ನನ್ನ ತಲೆಗೆ ಬಿದ್ದಿದೆ. ಇಲ್ಲದಿದ್ದರೆ ನಾನೇ ಬರುತ್ತಿದ್ದೆ.

ನಿನ್ನ ತಮ್ಮ
ಕೊಟ್ರಬಸಪ್ಪ

ಜಗದಾಂಬಾಳಿಗೆ ನೋಡಿದ ಹುಡುಗನ ವಿಷಯ ಭಾವ ಹೇಳಿದರು. ವಿಚಾರಿಸುತ್ತೇನೆ.


ಭದ್ರಾವತಿ
29-6-1959

ಚಿ. ಕೊಟ್ರಬಸಪ್ಪನಿಗೆ ಅಕ್ಕ ಸುಭದ್ರಮ್ಮನ ಆಶೀರ್ವಾದ.

ಇಡೀ ಕಾಗದ ಬಿದಿರಿಗೆ, ಕೊನೆಯ ಒಂದು ಸಾಲು ಜಗದಾಂಬಾಳಿಗೆ. ಆಗಲಿ, ನಾನು ತಿರುಗಿಸಿ ಬರೆಯುತ್ತೇನೆ.

ಗಾಂಧಿ ಬಜಾರಿನಲ್ಲಿ ಹಗ್ಗ, ಕಬ್ಬಿಣದ ಅಂಗಡಿ ಇಟ್ಟಿರುವ ಉಜ್ಜನಪ್ಪನವರ ಮಗ ಹಾಲಸ್ವಾಮಿ. ಮನೆ ಆಲ್ಕೊಳದ ಕಡೆ. ಹುಡುಗಿಯನ್ನು ನೋಡಿ ಒಪ್ಪಿದ್ದಾರೆ. ಹುಡುಗ ತಲೆಯೆತ್ತಿ ಮಾತನಾಡಲಿಲ್ಲ, ಅವನ ತಾಯಿಯೇ ಎಲ್ಲ ಮಾತನಾಡಿದರು. ಬೇಡ ಎನ್ನಲು ನನಗೆ ಕಾರಣವಿಲ್ಲ, ಹೂಂ ಎನ್ನಲು ಧೈರ್ಯವಿಲ್ಲ. ನಾವು ಇಲ್ಲಿ ಕ್ವಾರ್ಟರ್ಸಿನಲ್ಲಿ ಕೂತವರು, ಅಲ್ಲಿಯ ಜನ ನಮಗೆ ಗೊತ್ತಿಲ್ಲ. ನೀನು ಅದೇ ಊರಿನಲ್ಲಿದ್ದೀಯ. ಹುಡುಗಿಯ ಸೋದರಮಾವ. ಅವರ ಮನೆಯ ಅಕ್ಕಪಕ್ಕದವರನ್ನು ಕೇಳು, ಅಂಗಡಿಯವರನ್ನು ಕೇಳು. ಕಂಡದ್ದನ್ನು ಕಂಡಂತೆ ಬರೆ, ಊಹೆ ಬೇಡ.

ಇನ್ನು ನಿನ್ನ ಬಿದಿರು. ಒಂದೊಂದು ಗಿಣ್ಣಿಗೆ ಮೂರು ರೆಂಬೆ. ಬುಡ ಉಬ್ಬಿಲ್ಲ. ಬುಡದ ಗಿಣ್ಣುಗಳ ಸುತ್ತ ಸಣ್ಣ ಸಣ್ಣ ಮುಳ್ಳುಗಳಿವೆ, ನನ್ನ ಬೆರಳಿಗೆ ಚುಚ್ಚಿ ರಕ್ತ ಬಂತು.

ಅಕ್ಕ


ಶಿವಮೊಗ್ಗ
6-7-1959

ಅಕ್ಕಾ,

ಎರಡು ಇರಬೇಕು. ಗಾಳದ ಬಿದಿರಿಗೆ ಗಿಣ್ಣಿಗೆ ಎರಡೇ ರೆಂಬೆ, ಒಂದು ದೊಡ್ಡದು, ಒಂದು ಚಿಕ್ಕದು. ನೀನು ಎಲೆಯ ತೊಟ್ಟನ್ನೂ ಸೇರಿಸಿ ಎಣಿಸಿದ್ದೀಯ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಎಣಿಸು.

ಮುಳ್ಳಿನ ಮಾತನ್ನು ಮಾತ್ರ ಯಾರ ಹತ್ತಿರವೂ ಆಡಬೇಡ. ಮುಳ್ಳಿರುವುದು ನಮ್ಮ ಕಾಡಿನ ಹೆಬ್ಬಿದಿರಿಗೆ. ಬೇಲಿಗೆ ಹಾಕಿದ ಯಾವುದೋ ಬಿದಿರು ಮುಳ್ಳನ್ನು ಮುಟ್ಟಿ ಇದರ ಮೇಲೆ ಹೊರಿಸುತ್ತಿದ್ದೀಯ. ಗುರುಗಳಿಗೆ ಇದನ್ನು ಬರೆದರೆ ನನ್ನ ಮಾನ ಹೋಗುತ್ತದೆ.

ಹುಡುಗನ ಮನೆಯ ವಿಷಯ ಈ ವಾರ ನೋಡುತ್ತೇನೆ.

ಕೊಟ್ರಬಸಪ್ಪ


ಭದ್ರಾವತಿ
20-7-1959

ಕೊಟ್ರಬಸಪ್ಪ,

ಮೂರು.

ಕನ್ನಡಕ ಹಾಕಿಕೊಂಡು ಎಣಿಸಿದೆ, ಮೂರು. ಮನೆಗೆಲಸದ ಹುಲಿಗೆಮ್ಮನಿಂದಲೂ ಎಣಿಕೆ ಮಾಡಿಸಿದೆ. "ಮೂರೇ ಅವೆ ಅಮ್ಮಾ, ಎಷ್ಟು ಸಲ ಎಣ್ಸಿದ್ರೂ ಅಷ್ಟೇಯ" ಎಂದಳು. ನಿನ್ನ ಭಾವ ಪಾಳಿ ಮುಗಿಸಿ ಬಂದವರು ಕೈಕಾಲು ತೊಳೆಯುವ ಮೊದಲೇ ಅವರನ್ನು ಎಳೆದುಕೊಂಡು ಹೋಗಿ ತೋರಿಸಿದೆ. "ಮೂರೇ ಕಣೇ. ನಿನ್ನ ತಮ್ಮನಿಗೆ ಎರಡೇ ಬೇಕು ಅಂದ್ರೆ ಒಂದನ್ನ ಮುರಿದು ಹಾಕು, ಸರಿಹೋಗುತ್ತೆ" ಎಂದರು. ಜಗದಾಂಬಾ ನಕ್ಕಿದ್ದೇ ನಕ್ಕಿದ್ದು.

ಬೇಲಿಗೆ ನಾವು ಬಿದಿರು ಮುಳ್ಳು ಹಾಕಿಲ್ಲ, ತಂತಿ ಹಾಕಿದ್ದೇವೆ. ಹನ್ನೆರಡು ಮೈಲಿ ದೂರದಲ್ಲಿ ಕೂತು ನನ್ನ ಬೆರಳಿಗೆ ಚುಚ್ಚಿದ್ದು ಯಾವ ಮುಳ್ಳು ಎಂದು ನೀನು ಹೇಗೆ ಹೇಳುತ್ತೀಯ ಮಾರಾಯ? ಬೆಳಗಿನ ರೈಲು ಹತ್ತಿದರೆ ತಿಂಡಿಯ ಹೊತ್ತಿಗೆ ಇಲ್ಲಿರುತ್ತೀಯ. ಬಂದು ನೋಡಿ ಹೋಗು.

ಆಲ್ಕೊಳಕ್ಕೆ ಹೋಗಿದ್ದೆಯಾ? ಅವರ ಕಡೆಯಿಂದ ಎರಡನೆಯ ಸಲ ಹೇಳಿಕಳಿಸಿದ್ದಾರೆ.

ಅಕ್ಕ


ಶಿವಮೊಗ್ಗ
2-8-1959

ಅಕ್ಕಾ,

ಮೂರು ಎಂದೇ ಇಟ್ಟುಕೊಳ್ಳೋಣ. ಕೆಲವೊಮ್ಮೆ ಪೋಷಣೆ ಹೆಚ್ಚಾದರೆ ಒಂದು ರೆಂಬೆ ಜಾಸ್ತಿ ಬರಬಹುದು. ಬಚ್ಚಲ ನೀರು ಕುಡಿದ ಗಿಡ ಅದು.

ಈಗ ಗಿಡದ ಆರೈಕೆಯ ಮಾತು. ಮಧ್ಯಾಹ್ನದ ಬಿಸಿಲು ಬೀಳದಂತೆ ನೆರಳು ಮಾಡಿಸು. ಬುಡಕ್ಕೆ ಎಲೆಗೊಬ್ಬರ ಹಾಕು. ಸೀಗೆಯ ನೀರಾದರೆ ಪರವಾಗಿಲ್ಲ, ಸೋಪಿನ ನೀರು ಬೇಡ. ಸುತ್ತಲೂ ಒಂದೂವರೆ ಅಡಿ ಆಳಕ್ಕೆ ಕಾಲುವೆ ತೋಡಿಸು. ನಮ್ಮ ಬಿದಿರಿನಂತೆ ಇದು ಒಂದೇ ಕಡೆ ಮೆಳೆಯಾಗಿ ನಿಲ್ಲುವ ಜಾತಿಯಲ್ಲ, ಇದರ ಗಡ್ಡೆ ನೆಲದೊಳಗೆ ಓಡುತ್ತದೆ. ಆಮೇಲೆ ಒಂದು ಹಳೆಯ ಕಡ್ಡಿಯನ್ನು ಅಡ್ಡವಾಗಿ ಕತ್ತರಿಸಿ, ತುದಿಗೆ ಮಸಿ ಹಚ್ಚಿ, ಕಾಗದದ ಮೇಲೆ ಒತ್ತಿ ಕಳಿಸು. ಒಂದು ಪಕ್ಕ ಸ್ವಲ್ಪ ಚಪ್ಪಟೆಯಾಗಿ ಅಚ್ಚು ಬರಬೇಕು. ಅಷ್ಟು ಬಂದರೆ ನನ್ನ ಹೆಸರು ಗಟ್ಟಿಯಾದಂತೆ.

ಉಜ್ಜನಪ್ಪನವರ ಅಂಗಡಿಯ ಮುಂದೆ ಹಾದು ಬಂದೆ. ವ್ಯಾಪಾರ ಚೆನ್ನಾಗಿದೆ.

ಕೊಟ್ರಬಸಪ್ಪ


ಭದ್ರಾವತಿ
25-8-1959

ಕೊಟ್ರಬಸಪ್ಪ,

ಕಾಲುವೆ ತೋಡಿಸುವ ಬುದ್ಧಿ ಹೇಳಲು ನಾಲ್ಕು ವರ್ಷ ತಡ ಮಾಡಿದೆ. ನಿನ್ನ ಗಡ್ಡೆ ಆಗಲೇ ಓಡಿ ಪಕ್ಕದ ಮನೆಯ ಜಲಜಮ್ಮನ ಒಗೆಯುವ ಕಲ್ಲಿನ ಪಕ್ಕ ಎದ್ದಿದೆ. ಅವರು ಬಂದು, "ಏನ್ರೀ, ನಿಮ್ಮ ಬಿದಿರಿಗೆ ನಮ್ಮನೆ ಮೇಲೆ ಯಾಕೆ ಕಣ್ಣು?" ಎಂದು ಕೇಳಿದರು. ನಮ್ಮ ತಮ್ಮನನ್ನು ಕೇಳಿ ಎಂದೆ.

ಮಸಿ ಮನೆಯಲ್ಲಿರಲಿಲ್ಲ, ಕುಂಕುಮ ಕಲಸಿ ಹಚ್ಚಿ ಒತ್ತಿದ್ದೇನೆ. ಈ ಕಾಗದದ ಹಿಂಬದಿಯಲ್ಲಿದೆ, ನೋಡು. ಒಂದು ಪಕ್ಕ ಚಪ್ಪಟೆ ಅಲ್ಲ, ನಾಲ್ಕೂ ಪಕ್ಕ ಚಪ್ಪಟೆ. ನಿನ್ನ ಜಪಾನಿ ಬಿದಿರು ಚೌಕ. ಎಳೆಯ ಕಡ್ಡಿಗಳು ದುಂಡಗೆ ಕಾಣುತ್ತವೆ, ದಪ್ಪನೆಯ ಹಳೆಯವು ಚೌಕ. ಕಣ್ಣಿಗೆ ಅಷ್ಟಾಗಿ ತಿಳಿಯುವುದಿಲ್ಲ, ಬೆರಳಿಂದ ಸವರಿದರೆ ನಾಲ್ಕು ಮೂಲೆ ಚೆನ್ನಾಗಿ ಸಿಗುತ್ತವೆ. ನಾಲ್ಕು ವರ್ಷದಿಂದ ಅದರ ಪಕ್ಕದಲ್ಲೇ ನೀರು ಕಾಯಿಸುತ್ತಿದ್ದೇನೆ, ನಾನೂ ಇದುವರೆಗೆ ಗಮನಿಸಿರಲಿಲ್ಲ. ನೀನು ಕೇಳಿದ್ದಕ್ಕೆ ಸವರಿ ನೋಡಿದೆ.

ಅಂಗಡಿಯ ವ್ಯಾಪಾರ ಕಟ್ಟಿಕೊಂಡು ನನಗೇನು? ಹಗ್ಗ ಕೊಳ್ಳುತ್ತಿಲ್ಲ ನಾನು, ಮಗಳನ್ನು ಕೊಡುತ್ತಿದ್ದೇನೆ. ಮನೆಗೆ ಹೋಗು. ಜನರನ್ನು ಕೇಳು.

ಅಕ್ಕ


ಶಿವಮೊಗ್ಗ
1-9-1959

ಅಕ್ಕಾ,

ಇದು ತಮಾಷೆಯ ಹೊತ್ತಲ್ಲ. ಲೋಕದಲ್ಲಿ ಬಿದಿರು ಎಂದರೆ ದುಂಡು. ಹದಿನಾರು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಚೌಕ ಬಿದಿರು ನನ್ನ ಯಾವ ಪುಸ್ತಕದಲ್ಲೂ ಇಲ್ಲ. ಮೊಂಡು ಕತ್ತಿಯಿಂದ ಕುಯ್ದಾಗ ಕಡ್ಡಿ ಜಜ್ಜಿದೆ, ಅದಕ್ಕೇ ಅಚ್ಚು ಹಾಗೆ ಬಂದಿದೆ. ಅಥವಾ ನೀನೂ ಭಾವನೂ ಸೇರಿಕೊಂಡು ನನ್ನನ್ನು ಆಡಿಸುತ್ತಿದ್ದೀರಿ. ಗುರುಗಳಿಗೆ ನಿನ್ನೆ ಬರೆದ ಕಾಗದದಲ್ಲಿ, 'ನಮ್ಮ ಅಕ್ಕನ ಬಿದಿರಿಗೆ ಮೂರು ರೆಂಬೆ, ಸುತ್ತ ಮುಳ್ಳು, ಸಾಲದ್ದಕ್ಕೆ ನಾಲ್ಕು ಮೂಲೆ' ಎಂದು ನಗುವುದಕ್ಕಾಗಿ ಸೇರಿಸಿದ್ದೇನೆ.

ಹುಡುಗನ ಮನೆಯ ವಿಷಯ ವಿಚಾರಿಸಿದೆ. ಅಕ್ಕಪಕ್ಕದವರು, ಬಜಾರಿನವರು ಎಂದು ಆರು ಜನರನ್ನು ಕೇಳಿದೆ. ಎಲ್ಲರೂ ಒಳ್ಳೆಯ ಮಾತನ್ನೇ ಆಡಿದರು. ಹುಡುಗನಿಗೆ ಚಟಗಳಿಲ್ಲ, ಮನೆತನ ಗೌರವದ್ದು. ಧೈರ್ಯವಾಗಿ ಮುಂದುವರಿಯಬಹುದು. ಇನ್ನಾದರೂ ನನಗೆ ಒಂದು ಸರಿಯಾದ ಎಲೆಯನ್ನು ಒತ್ತಿ ಒಣಗಿಸಿ ಕಳಿಸು.

ಕೊಟ್ರಬಸಪ್ಪ


ಭದ್ರಾವತಿ
12-10-1959

ಚಿ. ಕೊಟ್ರಬಸಪ್ಪನಿಗೆ ಅಕ್ಕನ ಮನಸಾರೆ ಆಶೀರ್ವಾದ.

ನಿನ್ನ ಕಾಗದ ಬಂದ ದಿನ ನನಗೆ ನೆಮ್ಮದಿಯಾಗಿ ನಿದ್ರೆ ಬಂತು. ಆರು ಜನರನ್ನು ಕೇಳಿದ್ದೀಯ ಎಂದರೆ ನಿನ್ನ ಸ್ವಭಾವಕ್ಕೆ ಅದು ಅರವತ್ತಕ್ಕೆ ಸಮ. ನಿನ್ನನ್ನು ಬೈದದ್ದಕ್ಕೆ ಮನಸ್ಸಿಗೆ ಕಸಿವಿಸಿಯಾಗಿ ಕಾಗದ ಬರೆಯುವುದೂ ತಡವಾಯಿತು. ನಿನ್ನ ಭಾವ ಹೋಗಿ ಒಪ್ಪಿಗೆ ಕೊಟ್ಟು ಬಂದರು. ದೀಪಾವಳಿ ಪಾಡ್ಯದ ದಿನ ನಮ್ಮಲ್ಲಿ ಹೂವು ಮುಡಿಸುವ ಶಾಸ್ತ್ರ. ನೀನೂ ವೀರಮ್ಮನೂ ಹಿಂದಿನ ದಿನವೇ ಬರಬೇಕು. ನಿನ್ನ ಕಾಗದವನ್ನು ಜಗದಾಂಬಾಳಿಗೂ ಓದಿ ಹೇಳಿದೆ. ತಲೆ ಬಗ್ಗಿಸಿಕೊಂಡು ಕೇಳಿ, "ಮಾವ ಅಷ್ಟು ಹೇಳಿದ್ಮೇಲೆ ಸರಿ ಬಿಡಮ್ಮ" ಎಂದಳು.

ಬಿದಿರಿನ ಸುದ್ದಿ: ಐದು ಕಳಲೆ ಎದ್ದಿವೆ. ನಮ್ಮ ಕಡೆ ಕಳಲೆ ಮಳೆಗಾಲದಲ್ಲಿ ಬಂದರೆ ಇದಕ್ಕೆ ಹಬ್ಬದ ಹೊತ್ತಿಗೆ ನೆನಪಾಗಿದೆ.

ಅಕ್ಕ


ಶಿವಮೊಗ್ಗ
15-10-1959

ಅಕ್ಕಾ,

ಮಳೆ ನಿಂತ ಮೇಲೆ ಕಳಲೆಯೇ? ಗಾಳದ ಬಿದಿರು ಬೇಸಿಗೆಯ ಮೊದಲು ಕಳಲೆ ಒಡೆಯಬೇಕು. ನನ್ನ ಲೆಕ್ಕವೆಲ್ಲ ಅಡಿಮೇಲಾಗುತ್ತಿದೆ. ಒಂದು ನಿಮಿಷವೂ ತಡ ಮಾಡಬೇಡ. ಎರಡು ಎಳೆಯ ಕಳಲೆಗಳನ್ನು ಕಿತ್ತು, ನೀರಿನಲ್ಲಿಟ್ಟು, ಭಾವನ ಕಾರ್ಖಾನೆಯ ಶಾಪಿನಿಂದ ದಿನಾ ಊರಿಗೆ ಬರುವ ಜಯಪ್ಪನವರ ಕೈಯಲ್ಲಿ ಕಳಿಸು. ಕಳಲೆಯ ಸಿಪ್ಪೆ ನೋಡಿದರೆ ಜಾತಿ ಯಾವುದೆಂದು ಒಂದೇ ಏಟಿಗೆ ತೀರ್ಮಾನವಾಗುತ್ತದೆ.

ಕೊಟ್ರಬಸಪ್ಪ


ಶಿವಮೊಗ್ಗ
24-10-1959

ಅಕ್ಕಾ,

ನಿನಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ.

ನಿನ್ನೆ ಕಾಲೇಜಿನಿಂದ ಬಂದು ಊಟಕ್ಕೆ ಕೂತೆ. ಅಕ್ಕಿ ರೊಟ್ಟಿಗೆ ವೀರಮ್ಮ ಒಂದು ಪಲ್ಯ ಬಡಿಸಿದಳು. ಎಳಸಾಗಿ, ರುಚಿಯಾಗಿ ಇತ್ತು. ಎರಡು ಸಲ ಬಡಿಸಿಕೊಂಡು ತಿಂದೆ. ಕೈ ತೊಳೆಯುವಾಗ, ಈ ಕಾಲದಲ್ಲಿ ಕಳಲೆ ಎಲ್ಲಿ ಸಿಕ್ಕಿತು ಎಂದು ಕೇಳಿದರೆ, "ನಿಮ್ಮಕ್ಕ ಕಳಿಸಿದ್ರಲ್ಲ, ಡಬ್ಬಿಯಲ್ಲಿ. ಪಾಪ, ಹೆಚ್ಚಿ, ನೆನೆಸಿ, ಎಲ್ಲ ಮಾಡಿ ಕಳ್ಸಿದ್ರು, ನನಗೆ ಒಗ್ಗರಣೆ ಹಾಕೋದಷ್ಟೇ ಕೆಲಸ" ಎಂದಳು. ಡಬ್ಬಿಯ ಜೊತೆ ನಿನ್ನ ಚೀಟಿಯೂ ಇತ್ತು: 'ಸಿಪ್ಪೆ ಬಿಡಿಸಿ ಸಣ್ಣಗೆ ಹೆಚ್ಚಿದ್ದೇನೆ, ಮೂರು ದಿನ ನೀರು ಬದಲಿಸಿದ್ದೇನೆ, ಕಹಿ ಇಲ್ಲ.'

ನನಗೆ ಬೇಕಾಗಿದ್ದದ್ದೇ ಆ ಸಿಪ್ಪೆ! ಜಪಾನಿನಿಂದ ಬಂದ ಗಿಡದ ಗುರುತಿಗೆ ಕಳಲೆ ಕಳಿಸು ಎಂದರೆ ಯಾರಾದರೂ ಹೆಚ್ಚಿ ಕಳಿಸುತ್ತಾರೆಯೇ? ಆ ಸಿಪ್ಪೆಯನ್ನು ಏನು ಮಾಡಿದೆ?

ನನಗೆ ನಾಲ್ಕು ದಿನದಿಂದ ಜ್ವರ, ಬಾಯಿಗೆ ಏನೂ ರುಚಿಸುತ್ತಿಲ್ಲ. ಶಾಸ್ತ್ರಕ್ಕೆ ಬರಲಾಗುವುದಿಲ್ಲ. ವೀರಮ್ಮ ಒಬ್ಬಳೇ ಬರುತ್ತಾಳೆ.

ಕೊಟ್ರಬಸಪ್ಪ


ಭದ್ರಾವತಿ
5-11-1959

ಕೊಟ್ರಬಸಪ್ಪ,

ಎರಡು ಸಲ ಬಡಿಸಿಕೊಂಡು ತಿಂದವನಿಗೆ ಬಾಯಿ ರುಚಿಯಿಲ್ಲದ ಜ್ವರವಂತೆ. ಒಂದೇ ಕಾಗದದಲ್ಲಿ ಬರೆಯುವ ಸುಳ್ಳನ್ನಾದರೂ ಜೋಡಿಸಿ ಬರೆಯಬಾರದೇ? ವೀರಮ್ಮನನ್ನು ಕೇಳಿದರೆ ಅವಳು ಸೆರಗಿನ ತುದಿ ತಿರುಚುತ್ತಾ ಕೂತಳು. ಶಾಸ್ತ್ರದಲ್ಲಿ ಹುಡುಗಿಯ ಸೋದರಮಾವ ಎಲ್ಲಿ ಎಂದು ನಾಲ್ಕು ಜನ ಕೇಳಿದರು. ಮಲಗಿದ್ದಾನೆ ಎಂದೆ. ನನಗೆ ಬಹಳ ಬೇಜಾರಾಗಿದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ.

ಕಳಲೆ ಕಿತ್ತು ನೀರಿನಲ್ಲಿಟ್ಟು ಕಳಿಸು ಎಂದವನು ನೀನು. ಈ ಸೀಮೆಯಲ್ಲಿ ಹುಟ್ಟಿದ ಯಾವ ಹೆಂಗಸಾದರೂ ಕಳಲೆಯನ್ನು ನೀರಿನಲ್ಲಿಡುವುದು ಹೆಚ್ಚಿದ ಮೇಲೆ. ಹಸಿಯದನ್ನು ಹಾಗೇ ಕಳಿಸಿ, ವೀರಮ್ಮ ಗೊತ್ತಿಲ್ಲದೆ ಬೇಯಿಸಿಟ್ಟು, ನೀವು ಹೊಟ್ಟೆ ಹಿಡಿದುಕೊಂಡಿದ್ದರೆ ಆಗಲೂ ನನ್ನನ್ನೇ ಬೈಯುತ್ತಿದ್ದೆ. ಸಿಪ್ಪೆಯನ್ನು ಜಲಜಮ್ಮನ ಎಮ್ಮೆ ತಿಂದಿದೆ.

ಜಯಪ್ಪನವರ ಕೈಯಲ್ಲಿ ಹಳೆಯ ಕಡ್ಡಿಯೊಂದನ್ನು ಇಡಿಯಾಗಿ ಕಳಿಸಿದ್ದೇನೆ, ಬುಡದ ಗಿಣ್ಣುಗಳ ಸಮೇತ. ಗರಗಸದಲ್ಲಿ ಕೊಯ್ಯಿಸಿದ್ದು, ಜಜ್ಜಿಲ್ಲ. ಪುಸ್ತಕ ಮುಚ್ಚಿಡು, ಕಣ್ಣನ್ನೂ ಮುಚ್ಚು, ಬೆರಳಲ್ಲಿ ಸವರು.

ಅಕ್ಕ


ಭದ್ರಾವತಿ
20-11-1959

ಕೊಟ್ರಬಸಪ್ಪ,

ಹದಿನೈದು ದಿನವಾಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ಕಡ್ಡಿಯನ್ನು ನಿನ್ನ ಕೈಗೇ ಕೊಟ್ಟೆ ಎಂದು ಜಯಪ್ಪ ಹೇಳುತ್ತಾರೆ. ಚೌಕವೋ ದುಂಡೋ, ಬಾಯಿ ಬಿಡಬಾರದೇ?

ಹುಡುಗನ ಕಡೆಯವರು ಮದುವೆಯನ್ನು ಮಾಘಕ್ಕೆ ಎಂದಿದ್ದರು, ಈಗ ಡಿಸೆಂಬರ್ ಒಂಬತ್ತಕ್ಕೇ ಆಗಿಬಿಡಲಿ ಎನ್ನುತ್ತಾರೆ. ಶಿವಮೊಗ್ಗದಲ್ಲಿ ಬೇಡವಂತೆ, ಇಲ್ಲೇ ನಮ್ಮಲ್ಲೇ, ಅವರ ಕಡೆಯಿಂದ ಹತ್ತೇ ಜನ ಬರುತ್ತಾರಂತೆ. ಅಷ್ಟು ದೊಡ್ಡ ಅಂಗಡಿಯವರಿಗೆ ಹತ್ತೇ ಜನ ನೆಂಟರೇ ಎಂದು ನನಗೆ ಒಂದು ಥರ ಅನ್ನಿಸಿತು. ನಿನ್ನ ಭಾವ, "ಕೊಟ್ರಬಸಪ್ಪ ವಿಚಾರಿಸಿದಾನಲ್ಲ, ನಿಂದೊಂದು ಅನುಮಾನ" ಎಂದು ನನ್ನ ಬಾಯಿ ಮುಚ್ಚಿಸಿದರು. ಅದೂ ಸರಿಯೇ. ಸೀರೆಗಳನ್ನು ತಂದಾಯಿತು. ನೀನು ಏಳನೆಯ ತಾರೀಕಿಗೇ ಬಾ. ಈ ಸಲ ಜ್ವರ ಬರಿಸಿಕೊಳ್ಳಬೇಡ.

ಅಕ್ಕ


ಶಿವಮೊಗ್ಗ
26-11-1959

ಅಕ್ಕಾ,

ಮೊದಲು ಒಂದು ಮಾತು: ಮದುವೆ ನಿಲ್ಲಿಸು. ಇದನ್ನು ಅಂಚೆಗೆ ಹಾಕದೆ ಜಯಪ್ಪನವರ ಕೈಯಲ್ಲೇ ಕಳಿಸುತ್ತಿದ್ದೇನೆ. ಭಾವನವರಿಗೂ ಓದಿ ಹೇಳು.

ನಾನು ಯಾರನ್ನೂ ಕೇಳಿರಲಿಲ್ಲ. ಆರು ಜನ ಎಂದು ಬರೆದದ್ದು ಶುದ್ಧ ಸುಳ್ಳು. ಎರಡು ಸಲ ಆಲ್ಕೊಳದವರೆಗೆ ಹೋದೆ. ಆ ಮನೆಯ ಎದುರು ನಿಂತು, ಗುರುತಿಲ್ಲದವರ ಬಾಗಿಲು ತಟ್ಟಿ, ನಿಮ್ಮ ಪಕ್ಕದ ಮನೆಯ ಹುಡುಗ ಎಂಥವನು ಎಂದು ಕೇಳುವುದಕ್ಕೆ ನನಗೆ ನಾಲಿಗೆಯೇ ಏಳಲಿಲ್ಲ. ಹಿಂದಿರುಗಿ ಬಂದೆ. ನೀನು ಕೇಳಿದಂತೆಲ್ಲ ಸಿಟ್ಟು ಬರುತ್ತಿತ್ತು, ಆ ಸಿಟ್ಟನ್ನು ಬಿದಿರಿನ ಮೇಲೆ ತೀರಿಸಿಕೊಂಡೆ. ಭದ್ರಾವತಿಗೆ ಬಾರದೆ ಇದ್ದದ್ದೂ ಹಾಸ್ಟೆಲಿನಿಂದ ಅಲ್ಲ, ಜ್ವರದಿಂದಲೂ ಅಲ್ಲ. ಬಂದರೆ ನೀನು ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದೆ.

ನೀನು ಕಳಿಸಿದ ಕಡ್ಡಿಯನ್ನು ಕಣ್ಣು ಮುಚ್ಚಿ ಸವರಿದೆ. ನಾಲ್ಕು ಮೂಲೆ. ಗಿಣ್ಣಿನ ಸುತ್ತ ಮುಳ್ಳು. ಈ ವಾರ ಗುರುಗಳ ಕಾಗದವೂ ಬಂತು. ನಾನು ನಗುವುದಕ್ಕೆಂದು ಬರೆದ ಸಾಲನ್ನು ಅವರು ನಗದೆ ಓದಿದ್ದಾರೆ. ಜಪಾನಿನಲ್ಲಿ ತೋಟಗಳಿಗೆ ಹಾಕುವ ಶಿಹೋಚಿಕು ಎಂಬ ಚೌಕ ಬಿದಿರು ಇದೆಯಂತೆ, ಹೆಸರಿಗೆ ನಾಲ್ಕು ದಿಕ್ಕಿನ ಬಿದಿರು ಎಂದು ಅರ್ಥವಂತೆ. ಗಿಣ್ಣಿಗೆ ಮೂರು ರೆಂಬೆ, ಬುಡದಲ್ಲಿ ಮುಳ್ಳು, ಮಳೆ ಕಳೆದ ಮೇಲೆ ಕಳಲೆ. ನೆಡಲು ಒಂದು ತುಂಡು ಗಡ್ಡೆ ಬೇಕು ಎಂದೂ ಕೇಳಿದ್ದಾರೆ. ಕೊನೆಗೆ ಒಂದು ಸಾಲು ಬರೆದಿದ್ದಾರೆ: 'ನಿಮ್ಮ ಅಕ್ಕನವರು ಗಿಡವನ್ನು ನೋಡಿ ಬರೆದಿದ್ದಾರೆ. ತಾವು ನೋಡಿದ್ದೀರಾ?'

ಆ ಸಾಲು ಓದಿದಾಗ ನನಗೆ ಬಿದಿರಿನ ನೆನಪು ಬರಲಿಲ್ಲ ಅಕ್ಕಾ, ಜಗದಾಂಬಾಳ ನೆನಪು ಬಂತು. ಕೊಡೆ ಹಿಡಿದು ಹೊರಟೆ. ಉಜ್ಜನಪ್ಪನವರ ಹಿಂದಿನ ಬೀದಿಯಲ್ಲಿ ಗಾಡಿ ಹೊಡೆಯುವ ಕಲ್ಲಪ್ಪ ಎಂಬವರು ಸಿಕ್ಕರು. ನಾನು ಬಾಯಿ ತೆರೆಯುವುದೇ ತಡ, "ಹಾಲಸ್ವಾಮೀನಾ? ಆ ಸೋಗಾನೆ ಹುಡುಗೀನ ಕರ್ಕೊಂಡು ಬಂದ್ರಂತಾ?" ಎಂದು ಅವರೇ ನನ್ನನ್ನು ಕೇಳಿದರು. ಒಬ್ಬರನ್ನು ಕೇಳಿದ್ದರೆ ಸಾಕಾಗಿತ್ತು. ಆರು ಜನ ಬೇಕಿರಲಿಲ್ಲ.

ನಿನ್ನೆ ಸೋಗಾನೆಗೆ ಹೋಗಿದ್ದೆ. ನಂಜಮ್ಮ ಎಂದು ಹೆಸರು, ಜಗದಾಂಬಾಳಿಗಿಂತ ಎರಡು ವರ್ಷ ದೊಡ್ಡವಳಿರಬಹುದು. ಹಾಲಸ್ವಾಮಿ ತಾಳಿ ಕಟ್ಟಿ ನಾಲ್ಕು ವರ್ಷವಾಗಿದೆ. ಬಾಣಂತನಕ್ಕೆಂದು ತವರಿಗೆ ಕಳಿಸಿದವರು ಹೆಣ್ಣು ಮಗು ಎಂದು ಕೇಳಿದ ಮೇಲೆ ಅತ್ತ ತಲೆ ಹಾಕಿಲ್ಲ. ಬಿಡುಗಡೆಯೂ ಆಗಿಲ್ಲ, ಪಂಚಾಯಿತಿಯೂ ಆಗಿಲ್ಲ. ಕಾನೂನಿನ ಕಣ್ಣಿನಲ್ಲಿ ಅವಳೇ ಅವನ ಹೆಂಡತಿ. ನಾನು ಅಂಗಳಕ್ಕೆ ಕಾಲಿಟ್ಟು ಉಜ್ಜನಪ್ಪನವರ ಹೆಸರು ಎತ್ತುತ್ತಿದ್ದಂತೆ ಅವಳು ಒಳಗೆ ಓಡಿ ಹೋಗಿ ಮಗುವಿನ ಮುಖ ತೊಳೆದು, ಬೇರೆ ಅಂಗಿ ಹಾಕಿ, ಎತ್ತಿಕೊಂಡು ಬಂದಳು. "ಕರ್ಕೊಂಡು ಹೋಗೋಕೆ ಬಂದ್ರಾ?" ಎಂದು ಕೇಳಿದಳು. ಅಲ್ಲ ಎಂದು ಹೇಳಿ ಬಂದೆ.

ನಾನೇ ಬಂದು ಹೇಳಬೇಕಿತ್ತು. ನಿನ್ನ ಮುಖ, ಅದಕ್ಕಿಂತ ಹೆಚ್ಚಾಗಿ ಜಗದಾಂಬಾಳ ಮುಖ ನೋಡುವ ಧೈರ್ಯವಿಲ್ಲ.

ಕೊಟ್ರಬಸಪ್ಪ


ಭದ್ರಾವತಿ
7-12-1959

ಕೊಟ್ರಬಸಪ್ಪ,

ಮದುವೆ ನಿಂತಿತು. ಅಷ್ಟನ್ನು ಮೊದಲು ಬರೆದೆ, ಇಲ್ಲದಿದ್ದರೆ ನೀನು ಊಟ ಮಾಡುವುದಿಲ್ಲ ಎಂದು ವೀರಮ್ಮ ಹೇಳಿಕಳಿಸಿದ್ದಾಳೆ.

ನಾನೂ ನಿನ್ನ ಭಾವನೂ ಶಿವಮೊಗ್ಗಕ್ಕೆ ಬಂದು ಹೋದೆವು. ನಿನ್ನ ಬೀದಿಯ ತುದಿಯಲ್ಲೇ ಜಟಕಾ ಹತ್ತಿದೆವು, ನಿನ್ನ ಮನೆಗೆ ಬರಲು ನನಗೆ ಮನಸ್ಸಾಗಲಿಲ್ಲ. ಅವರು ಕೊಟ್ಟಿದ್ದ ಸೀರೆ, ಉಂಗುರವನ್ನು ಜಗಲಿಯ ಮೇಲಿಟ್ಟು, ಸೋಗಾನೆಯಲ್ಲಿರುವ ನಿಮ್ಮ ಸೊಸೆಗೆ ಕೊಡಿ ಎಂದೆ. ಉಜ್ಜನಪ್ಪನವರು ಕೆಂಪಗಾಗಿ, "ನಮ್ಮನೆ ವಿಷಯ ಕೆದಕೋಕೆ ನಿಮಗ್ಯಾರು ಹೇಳಿದ್ದು?" ಎಂದು ಎದ್ದರು. "ಕೆದಕಬೇಕಾಗಿದ್ದವನು ಕೆದಕಲಿಲ್ಲ ಸ್ವಾಮಿ, ಅದಕ್ಕೇ ಇಲ್ಲಿಗಂಟ ಬಂತು" ಎಂದೆ. ಹುಡುಗ ಒಳಬಾಗಿಲಲ್ಲಿ ನಿಂತಿದ್ದ. ಆಗಲೂ ತಲೆ ಎತ್ತಲಿಲ್ಲ. ನನಗೆ ಅವನ ಮೇಲೆ ಬಂದ ಅಸಹ್ಯ ಅವನ ತಂದೆಯ ಮೇಲೂ ಬರಲಿಲ್ಲ.

ಇಲ್ಲಿ ಕ್ವಾರ್ಟರ್ಸಿನಲ್ಲಿ ಮಾತು ಹಬ್ಬಿದೆ. ಹೂವು ಮುಡಿಸಿಕೊಂಡ ಹುಡುಗಿ, ಏನೋ ಐಬಿರಬೇಕು, ಅದಕ್ಕೇ ಬಿಟ್ಟರು ಎಂದು ನಲ್ಲಿಯ ಹತ್ತಿರ ಆಡಿಕೊಳ್ಳುತ್ತಾರೆ. ಆ ಜಲಜಮ್ಮ ಮಾತ್ರ, ಬಿದಿರಿಗೆ ದಿನಾ ಜಗಳ ಕಾಯುವವರು, ಅಂಥವರೊಬ್ಬರಿಗೆ ಎದುರು ನಿಂತು ಬೈದರಂತೆ. ನಿನ್ನ ಗುರುಗಳಿಗೆ ಬೇಕಾದ ಗಡ್ಡೆಯನ್ನು ಅವರ ಒಗೆಯುವ ಕಲ್ಲಿನ ಪಕ್ಕದಿಂದಲೇ ಅಗೆಸಿ, ತೇವದ ಗೋಣಿಯಲ್ಲಿ ಕಟ್ಟಿಸಿಟ್ಟಿದ್ದೇನೆ. ನಾನು ಒಪ್ಪಿಕೊಂಡ ಕೆಲಸ ನಾನು ಮಾಡುತ್ತೇನೆ.

ಬಿದಿರು ಚೌಕ ಎಂದು ನಾನು ಮುಟ್ಟಿ ನೋಡಿ ಬರೆದೆ, ನೀನು ನಂಬಲಿಲ್ಲ. ಆರು ಜನರನ್ನು ಕೇಳಿದೆ ಎಂದು ನೀನು ನೋಡದೆ ಬರೆದೆ, ನಾನು ನಂಬಿದೆ. ನಾನು ಮಿಡ್ಲ್ ಸ್ಕೂಲಿನ ಎಲ್.ಎಸ್. ವರೆಗೆ ಓದಿದವಳು, ನೀನು ಕಾಲೇಜಿನಲ್ಲಿ ಪಾಠ ಹೇಳುವವನು. ಅದಕ್ಕೇ ಹೀಗಾಯಿತೇ ಎಂದು ಯೋಚಿಸಿದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. ಹತ್ತೇ ಜನ ಎಂದಾಗಲೇ ನನ್ನ ಮನಸ್ಸು ಹೇಳಿತ್ತು.

ಜಗದಾಂಬಾಳಿಗೆ ನಿನ್ನ ಕಾಗದವನ್ನು ನಾನು ಓದಿ ಹೇಳಲಿಲ್ಲ, ಅವಳ ಕೈಗೇ ಕೊಟ್ಟೆ. ಅಳಲಿಲ್ಲ. ಎರಡು ಸಲ ಓದಿದಳು. ಆಮೇಲೆ, "ಸೋಗಾನೆ ಹುಡುಗಿ ಮಗೂಗೆ ಅಂಗಿ ಬದಲಾಯ್ಸಿಕೊಂಡು ಬಂದ್ಲಂತೆ, ಓದಿದ್ಯಾ ಅಮ್ಮ?" ಎಂದಳು. ಓದಿದೆ ಎಂದೆ. "ಮಾವ ನನಗೇನೂ ಬರ್ದಿಲ್ವಲ್ಲ" ಎಂದಳು. ಅಂದಿನಿಂದ ನಿನ್ನ ಹೆಸರು ಎತ್ತಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಾಳೆ.

ನನ್ನ ಸಿಟ್ಟಿನ ಚಿಂತೆ ಬಿಡು. ನಾನು ನಿನ್ನನ್ನು ಎತ್ತಿ ಆಡಿಸಿದವಳು, ಇನ್ನೆರಡು ತಿಂಗಳು ಬೈದು ಸುಮ್ಮನಾಗುತ್ತೇನೆ. ಅವಳದ್ದು ಹಾಗಲ್ಲ. ಭಾನುವಾರ ಬೆಳಗಿನ ರೈಲಿಗೆ ಬಾ. ಅವಳು ಮನೆಯಲ್ಲಿರುತ್ತಾಳೆ, ನಾನು ಇರಿಸುತ್ತೇನೆ. ಅವಳ ಎದುರು ಕೂತು, ಅವಳ ಮುಖ ನೋಡಿ, ನೀನು ಮಾಡಿದ್ದನ್ನು ನಿನ್ನ ಬಾಯಿಂದ ಹೇಳು. ಅವಳು ಎದ್ದು ಹೋದರೆ ಕೂತಿರು. ಮತ್ತೆ ಬರುವವರೆಗೂ ಕೂತಿರು.

ಇದಕ್ಕೆ ಉತ್ತರ ಬರೆಯಬೇಡ. ಕಾಗದದಲ್ಲಾದರೆ ನೀನು ಏನು ಬೇಕಾದರೂ ಬರೆಯುತ್ತೀಯ.

ಅಕ್ಕ